ಎದುರುಗಾಳಿಗೆ ಹೊರಟ ಗಾಡಿ

ಸೈಕಲ್ ರಿಪೇರಿ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಸೈಕಲಮ್ಮ ಎಂದೇ ಕರೆಯುತ್ತಿದ್ದರು. ಪಂಕ್ಚರ್ ಹಾಕುವುದರಲ್ಲೂ ಮಾತಿಗೆ ಮಾತು ಕೊಡುವುದರಲ್ಲೂ ಎತ್ತಿದ ಕೈ. ಮಗ ತೀರಿಕೊಂಡ ಮೇಲೆ, ಅಂಗಡಿಯಲ್ಲಿ ಅರ್ಧ ಪಾಲಿದ್ದ ಮೈದುನ ಒಂದೇ ಹಟ ಹಿಡಿದಿದ್ದ.

"ಅತ್ತಿಗೆ, ಮಾರಿಬಿಡೋಣ. ಇನ್ನು ನಡೆಸೋರು ಯಾರಿದ್ದಾರೆ?"

"ನನ್ನ ಸೊಸೆ ಇದ್ದಾಳೆ."

"ಭೌತಶಾಸ್ತ್ರ ಓದಿದೋಳು ಪಂಕ್ಚರ್ ಹಾಕ್ತಾಳಾ? ಗಾಳಿಯಿಂದಲೇ ಗಾಳಿಗೆದುರು ಓಡೋ ಗಾಡಿ ಮಾಡ್ತಿದ್ದಾಳಂತಲ್ಲ. ತನ್ನ ಜುಟ್ಟು ತಾನೇ ಹಿಡಿದು ಮೇಲಕ್ಕೆತ್ತಿಕೊಂಡ ಹಾಗೆ! ಅದು ಒಂದು ಮಾರು ಮುಂದೆ ಹೋಗ್ಲಿ, ಮಾರೋ ಮಾತೇ ಎತ್ತಲ್ಲ."

"ಆಯ್ತು. ಆಮೇಲೆ ಮಾತು ತಪ್ಪಬೇಡ," ಎಂದುಬಿಟ್ಟಳು ಸೈಕಲಮ್ಮ. ಆ ಗಾಡಿ ಹೇಗೆ ಹೋಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಗಂಡ ಹೋದಂದಿನಿಂದ ಸೊಸೆಯ ಬಾಯಲ್ಲಿ ಮಾತು ಕಡಿಮೆ. ಅತ್ತೆ ಕೇಳಿದ್ದಕ್ಕೆ ಇಷ್ಟು ಹೇಳಿದಳು: "ಗಾಳಿ ಓಡ್ತಿದೆ, ನೆಲ ನಿಂತಿದೆ. ಆ ವ್ಯತ್ಯಾಸದಲ್ಲೇ ನಮ್ಮ ಸಂಪಾದನೆ ಅತ್ತೆ. ಗಾಳಿಗೆ ಫ್ಯಾನಿನಂಥ ರೆಕ್ಕೆ ಜೋರಾಗಿ ತಿರುಗ್ಬೇಕು, ಅದರಿಂದ ಗಾಲಿ ನಿಧಾನಕ್ಕೆ ಉರುಳ್ಬೇಕು. ಆಗ ಗಾಳಿ ಹಿಂದಕ್ಕೆ ತಳ್ಳೋದಕ್ಕಿಂತ ಗಾಲಿ ನೆಲಾನ ಒದೆಯೋ ಬಲ ಹೆಚ್ಚಾಗುತ್ತೆ."

"ಏರಿನಲ್ಲಿ ಗೇರ್ ಇಳಿಸಿದ ಹಾಗೆ?"

"ಅದೇ."

ತೆಳು ಹಲಗೆಯಲ್ಲಿ ರೆಕ್ಕೆ ಕೆತ್ತಿದವಳು ಸೊಸೆ. ರೆಕ್ಕೆಯ ತಿರುಗುವಿಕೆಯನ್ನು ಅಡ್ಡ ದಂಡಕ್ಕೆ ದಾಟಿಸಲು ಹಳೆಯ ಕೈಡ್ರಿಲ್ಲಿನ ಹಲ್ಲುಚಕ್ರ. ಅಲ್ಲಿಂದ ಹಿಂದಿನ ಗಾಲಿಗೆ ಸೈಕಲ್ ಚೈನು. ಚೈನನ್ನೂ ಅದರ ಹಲ್ಲುಚಕ್ರಗಳನ್ನೂ ಮಾತ್ರ ಸೈಕಲಮ್ಮನೇ ಕೂರಿಸಿದಳು. ಆ ಕೆಲಸಕ್ಕೆ ಬೇರೆಯವರು ಕೈ ಹಾಕುವುದು ಅವಳಿಗೆ ಸೇರದು.

ಭಾನುವಾರ ಗಾಡಿಯನ್ನು ಬೀದಿಯ ತುದಿಯ ಬಯಲಿಗೆ ತಂದಾಗ ಗಾಳಿ ಮುಖಕ್ಕೆ ರಾಚುತ್ತಿತ್ತು. ಅದಕ್ಕೆ ನೇರ ಎದುರಾಗಿ ನಿಲ್ಲಿಸಿ ಸೊಸೆ ಕೈಬಿಟ್ಟಳು. ಗಾಡಿ ಒಮ್ಮೆ ನಡುಗಿತು. ಆಮೇಲೆ ಹಿಂದಕ್ಕುರುಳಿ, ಅಲ್ಲೇ ನಿಂತಿದ್ದ ಮೈದುನನ ಮೊಣಕಾಲಿಗೆ ಬಡಿಯಿತು.

"ನೋಡಿ, ಗಾಡಿಗೂ ಗೊತ್ತು ಯಾರ ಮಾತು ಸರಿ ಅಂತ!" ಎಂದ ಅವನು. ನೋಡಲು ನೆರೆದಿದ್ದ ಗುಂಪು ಗೊಳ್ಳೆಂದಿತು.

ಸೊಸೆ ಬಗ್ಗಿ ನೋಡಿದಳು. ಚೈನಿನ ಮೇಲೆ ಬೆರಳಾಡಿಸಿದಳು. ಎದ್ದು, "ಲೆಕ್ಕದಲ್ಲಿ ನಾನೇ ಎಲ್ಲೋ ಎಡವಿದೆ. ಸ್ವಲ್ಪ ಹೊತ್ತು ಕೊಡಿ ಚಿಕ್ಕಮಾವ," ಎಂದಳು.

ಲೆಕ್ಕದಲ್ಲಿ ಎಡವುವವಳಲ್ಲ ಅವಳು. ಸೈಕಲಮ್ಮ ಕುಕ್ಕರಗಾಲಲ್ಲಿ ಕೂತು ತಾನೂ ನೋಡಿದಳು. ಚೈನಿನ ದೊಡ್ಡ ಹಲ್ಲುಚಕ್ರ ರೆಕ್ಕೆಯ ಕಡೆಗಿತ್ತು, ಚಿಕ್ಕದು ಗಾಲಿಯ ಕಡೆಗೆ. ಪೆಡಲಿಗೆ ದೊಡ್ಡದು, ಗಾಲಿಗೆ ಚಿಕ್ಕದು: ಜೀವಮಾನವೆಲ್ಲ ಸೈಕಲ್ಲಿಗೆ ಕೂರಿಸಿದ ಹಾಗೆಯೇ ಇದಕ್ಕೂ ಕೂರಿಸಿದ್ದಳು. ಸೈಕಲ್ಲಿನಲ್ಲಿ ಗಾಲಿ ಜೋರಾಗಿ ತಿರುಗಬೇಕು, ಇಲ್ಲಿ ನಿಧಾನಕ್ಕೆ. ಸೊಸೆ ಹೇಳಿದ್ದು ತಲೆಗೆ ಇಳಿದಿತ್ತು, ಕೈಗೆ ಇಳಿದಿರಲಿಲ್ಲ. ಹುಡುಗಿಗೆ ಅದು ಕಂಡಿದೆ. ಕಂಡೂ, ಬೀದಿಯೆದುರು ಅತ್ತೆಯ ಹೆಸರು ಕೆಡಬಾರದೆಂದು ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡಿದ್ದಾಳೆ.

ಸೈಕಲಮ್ಮ ಎದ್ದು ನಿಂತಳು.

"ಅವಳ ಲೆಕ್ಕ ಸರಿಯಾಗೇ ಇದೆ. ತಪ್ಪು ನನ್ನ ಕೈಯದು. ಇದನ್ನೂ ಸೈಕಲ್ ಅಂದ್ಕೊಂಡುಬಿಟ್ಟೆ. ನಗೋರು ನಕ್ಕು ಮುಗಿಸಿ. ಸ್ಪ್ಯಾನರ್ ಕೊಡಮ್ಮ ಇಲ್ಲಿ."

ಹಲ್ಲುಚಕ್ರಗಳು ಜಾಗ ಬದಲಾಯಿಸಿದವು. ಚೈನಿನ ಉದ್ದ ಹಾಗೇ ಸರಿಹೋಯಿತು.

ಈ ಸಲ ರೆಕ್ಕೆ ಮೊದಲು ಸೋಮಾರಿಯಂತೆ, ಆಮೇಲೆ ಬೀಸುವ ಸದ್ದು ಬರುವಷ್ಟು ಜೋರಾಗಿ ತಿರುಗಿತು. ಗಾಡಿ ಗಾಳಿಗೆ ಎದೆಯೊಡ್ಡಿ ಆಮೆಯಂತೆ ಮುಂದಕ್ಕೆ ಹೊರಟಿತು.

"ಒಳಗೆಲ್ಲೋ ಮೋಟರ್ ಬಚ್ಚಿಟ್ಟಿದ್ದೀರಿ!" ಮೈದುನ ಗಾಡಿಯ ಜತೆಗೇ ಬಗ್ಗಿ ಬಗ್ಗಿ ನಡೆದ.

"ಹುಡುಕು. ಸಿಕ್ಕಿದ್ರೆ ನೀನೇ ಇಟ್ಕೋ."

ಬಯಲಿನ ತುದಿಯವರೆಗೂ ಹುಡುಕಿದ. ಕೊನೆಗೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, "ಮಾತು ಅಂದ್ರೆ ಮಾತು ಅತ್ತಿಗೆ. ಅಂಗಡಿ ಇರ್ಲಿ," ಎಂದ.

ದಾರಿಹೋಕನೊಬ್ಬ ಸೈಕಲ್ ನಿಲ್ಲಿಸಿ ಕೇಳಿದ: "ಯಾರದಮ್ಮ ಈ ಗಾಡಿ?"

"ನನ್ನ ಸೊಸೇದು!" ಎಂದಳು ಸೈಕಲಮ್ಮ, ಇಡೀ ಬಯಲಿಗೆ ಕೇಳುವ ಹಾಗೆ.

"ನಮ್ಮ ಅಂಗಡೀದು," ಎಂದಳು ಸೊಸೆ, ಅವನ ಸೈಕಲ್ಲಿನ ಜೋತುಬಿದ್ದ ಚೈನನ್ನು ನೋಡುತ್ತ. "ಸೈಕಲ್ ನಾಳೆ ತನ್ನಿ. ತೆರೆದಿರುತ್ತೆ."