ನಲವತ್ತೊಂದನೇ ಪೆಟ್ಟಿಗೆ

ಪಿಸ್ತೂಲಿನಲ್ಲಿ ತಕರಾರಿಲ್ಲದೆ ಹಾರುತ್ತಿದ್ದ ತೋಟಾಗಳು ಶೂಟಿಂಗ್ ಕ್ಲಬ್ಬಿನ ಹೊಸ ಗಿಡ್ಡ ಬಂದೂಕಿನಲ್ಲಿ, ಕಾರ್ಬೈನಿನಲ್ಲಿ, ನಾಲ್ಕಕ್ಕೊಂದರಂತೆ ಸಿಕ್ಕಿಕೊಳ್ಳುತ್ತಿದ್ದವು. ಮಲೇಷ್ಯಾದ ಪೆನಾಂಗಿನಲ್ಲಿ ನಡೆಯುವ ರಾಜ್ಯಮಟ್ಟದ ಸ್ಪರ್ಧೆಗೆ ಎರಡು ತಿಂಗಳಿತ್ತು. ತುಳಸಿ ಕಾರ್ಬೈನನ್ನು ಹೆಗಲಿಗೇರಿಸಿಕೊಂಡು ತೋಟಾ ತುಂಬುವ ಕೋಣೆಗೆ ಹೋದಳು.

ಅಲ್ಲಿ ಕೂರುತ್ತಿದ್ದವರು ತಿಮ್ಮಯ್ಯ. ಕೊಡಗಿನವರು. ಕ್ಲಾಂಗ್ ಬಂದರಿನಲ್ಲಿ ಕ್ರೇನ್ ಮೆಕ್ಯಾನಿಕ್ ಆಗಿ ಮೂವತ್ತು ವರ್ಷ ದುಡಿದು, ನಿವೃತ್ತರಾದ ಮೇಲೆ ಮಗಳಿದ್ದ ಪೆನಾಂಗಿಗೆ ಬಂದಿದ್ದರು. ತೋಟಾ ತುಂಬುವುದನ್ನು ಹುಡುಗರಾಗಿದ್ದಾಗಲೇ ಅಪ್ಪನಿಂದ ಕಲಿತವರು. ಪರವಾನಗಿ ಇದ್ದದ್ದು ಕ್ಲಬ್ಬಿಗೆ. ಒಂದು ತೋಟಾ ಕೂಡ ಲೆಕ್ಕ ತಪ್ಪಿ ಹೊರಗೆ ಹೋಗುವಂತಿರಲಿಲ್ಲ.

"ಅಂಕಲ್, ಎರಡಕ್ಕೂ ಒಂದೇ ತೋಟಾ ತಾನೆ? ಇದಕ್ಕೇನು ರೋಗ?"

"ತೋಟಾ ಒಂದೇ ಅಮ್ಮ, ನಳಿಗೆ ಒಂದೇ ಅಲ್ಲವಲ್ಲ. ಪಿಸ್ತೂಲಿನದು ಅರ್ಧ ಗೇಣು, ಇದರದು ಎರಡು ಗೇಣು. ನಿಮಗೆ ಕೈಗೆ ಹಗುರ ಇರಲಿ ಅಂತ ನಾನು ಮದ್ದು ಕಮ್ಮಿ ಹಾಕ್ತಿದ್ದೆ. ಅಷ್ಟು ಒದೆತ ಇದಕ್ಕೆ ಸಾಲದು. ತೀರಾ ಕಮ್ಮಿಯಾದರೆ ಗುಂಡು ನಳಿಗೆಯೊಳಗೇ ನಿಂತುಬಿಡುತ್ತೆ."

"ಎರಡಕ್ಕೂ ಹೊಂದುವ ಹಾಗೆ ಮಾಡಕ್ಕಾಗುತ್ತಾ?"

"ನೋಡೋಣ. ಅವಸರ ಮಾಡಬೇಡ."

ತುಳಸಿ ಪೆನಾಂಗಿನದೇ ಬಯಾನ್ ಲೆಪಾಸಿನಲ್ಲಿದ್ದ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಹತ್ತು ಲಕ್ಷದಲ್ಲಿ ಒಂದು ತಪ್ಪನ್ನು ಹುಡುಕುವುದೇ ಅವಳ ಕೆಲಸ. ಆದರೂ ಆ ಮೂರು ವಾರ ತಿಮ್ಮಯ್ಯ ಕೆಲಸ ಮಾಡಿದ ರೀತಿ ಅವಳಿಗೆ ಹೊಸದು. ಮದ್ದನ್ನು ಕೂದಲೆಳೆಯಷ್ಟು ಹೆಚ್ಚಿಸಿ ಹತ್ತೇ ತೋಟಾ ತುಂಬುವರು. ಅವಳು ಎರಡರಲ್ಲೂ ಹಾರಿಸುವಳು. ವೇಗ ಅಳೆಯುವ ಯಂತ್ರ ತೋರಿಸಿದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಹಾರಿದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಒಳಗೆ ಹೋಗುವರು. ಎಂಟನೇ ಸಲ ಕಾರ್ಬೈನ್ ಒಮ್ಮೆಯೂ ತಡವರಿಸಲಿಲ್ಲ. ಪಿಸ್ತೂಲು ಕೈಯನ್ನು ಒದೆಯಲಿಲ್ಲ. ತಿಮ್ಮಯ್ಯ ಆ ಅಳತೆಯ ಕೆಳಗೆ ಗೆರೆ ಎಳೆದರು, ಅಷ್ಟೆ.

ಸ್ಪರ್ಧೆಯ ದಿನ ಕ್ಲಬ್ಬಿನ ಐವರ ತಂಡ ತಿಮ್ಮಯ್ಯನವರ ತೋಟಾಗಳನ್ನೇ ತಂದಿತ್ತು. ಪಿಸ್ತೂಲಿನ ಸುತ್ತು ಮುಗಿದಾಗ ಮುಂದಿದ್ದವರು ಇವರೇ. ಕಾರ್ಬೈನಿನ ಸುತ್ತಿನಲ್ಲಿ ತುಳಸಿಯ ಐದನೇ ಗುಂಡು 'ಪುಸ್' ಎಂದಿತು. ಗಡಿಯಾರ ಓಡುತ್ತಿತ್ತು. ಅಭ್ಯಾಸಬಲದಿಂದ ಅವಳ ಕೈ ಹಿಡಿಯನ್ನು ಎಳೆದು ಮುಂದಿನ ತೋಟಾವನ್ನು ಒಳಗೆ ಕೂರಿಸಿತು. ಬೆರಳು ಬಂದೂಕಿನ ಕುದುರೆಯ ಮೇಲೆ ಹೋಯಿತು.

"ತುಳಸಿ, ಬೆರಳು ತೆಗಿ!"

ಹಗ್ಗದಾಚೆ, ಪ್ರೇಕ್ಷಕರ ಸಾಲಿನಿಂದ ತಿಮ್ಮಯ್ಯನವರ ಧ್ವನಿ. ಅವಳು ಬೆರಳು ತೆಗೆದಳು. ಮೈದಾನದ ಅಧಿಕಾರಿ ರಝಾಲಿ, ಹೊರಗಿನವರು ಕೂಗಿದ್ದಕ್ಕೆ ಗದರಿಸಿಕೊಂಡೇ ಬಂದ. ಕಾರ್ಬೈನ್ ಖಾಲಿ ಮಾಡಿಸಿ, ನಳಿಗೆಯೊಳಗೆ ಕಡ್ಡಿ ಇಳಿಸಿದ. ಕಡ್ಡಿ ನಡುವೆಯೇ ನಿಂತಿತು. ಗುಂಡು ಅಲ್ಲೇ ಸಿಕ್ಕಿಕೊಂಡಿತ್ತು. ಇನ್ನೊಂದು ಹಾರಿಸಿದ್ದರೆ ನಳಿಗೆ ಅವಳ ಮುಖದ ಹತ್ತಿರವೇ ಸಿಡಿಯುತ್ತಿತ್ತು. ರಝಾಲಿ ಗದರುವುದನ್ನು ನಿಲ್ಲಿಸಿದ.

ತಂಡದ ನಾಯಕ ಲಿಮ್, "ಕಾರ್ಬೈನ್ ಹೊಸದು ಅಲ್ವಾ, ಅದರದೇ ದೋಷ ಇರಬೇಕು. ಉಳಿದ ನಾಲ್ವರು ಮುಂದುವರಿಯಲಿ," ಎಂದು ರಝಾಲಿಯನ್ನು ಕೇಳಿಕೊಳ್ಳುತ್ತಿದ್ದ. ತಿಮ್ಮಯ್ಯ ಹಗ್ಗದ ಹತ್ತಿರ ಬಂದು, ಮಲಯ್ ಭಾಷೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಕಾರ್ಬೈನಿಗೆ ಏನೂ ಆಗಿಲ್ಲ. ಆ ತೋಟಾ ತುಂಬಿದವನು ನಾನು. ತಪ್ಪು ನನ್ನದು. ಉಳಿದದ್ದೆಲ್ಲ ವಾಪಸ್ ಕೊಡಿ, ಒಂದನ್ನೂ ಹಾರಿಸಬೇಡಿ."

ತಂಡ ಸ್ಪರ್ಧೆಯಿಂದ ಹೊರಬಿತ್ತು.

ಮರುದಿನ ಬೆಳಿಗ್ಗೆ ತುಳಸಿ ರಜೆ ಹಾಕಿ ಕ್ಲಬ್ಬಿಗೆ ಹೋದಳು. ತಿಮ್ಮಯ್ಯ ಆಗಲೇ ತೋಟಾಗಳನ್ನು ಬಿಚ್ಚುತ್ತಿದ್ದರು. ಸುತ್ತಿಗೆಯಂಥ ಸಾಧನದೊಳಗೆ ತೋಟಾ ಇಟ್ಟು ಕುಟ್ಟಿದರೆ ಗುಂಡು ಬೇರೆ, ಮದ್ದು ಬೇರೆಯಾಗುತ್ತಿತ್ತು. ಅವಳು ಮದ್ದು ತೂಗತೊಡಗಿದಳು. ಉಳಿದಿದ್ದ ಆರುನೂರರಲ್ಲಿ ನಾನೂರು ದಾಟಿದ ಮೇಲೆ, ನಲವತ್ತೊಂದನೇ ನಂಬರಿನ ಪೆಟ್ಟಿಗೆಯಲ್ಲಿ, ಅರ್ಧಕ್ಕಿಂತ ಕಮ್ಮಿ ಮದ್ದಿದ್ದ ಇನ್ನೊಂದು ಸಿಕ್ಕಿತು. ಸ್ಪರ್ಧೆಯಲ್ಲಿ ನಳಿಗೆಯೊಳಗೆ ಸಿಕ್ಕಿಕೊಂಡ ಗುಂಡೂ ಅದೇ ಪೆಟ್ಟಿಗೆಯದು.

ತಿಮ್ಮಯ್ಯ ನೋಟ್‌ಬುಕ್ ತೆರೆದು ಆ ಪೆಟ್ಟಿಗೆ ತುಂಬಿದ ತಾರೀಖು ನೋಡಿದರು. "ಅವತ್ತು ಮೊಮ್ಮಗಳು ಫೋನ್ ಮಾಡಿದ್ದಳು. ಮದ್ದು ತುಂಬುವ ಯಂತ್ರದ ಹಿಡಿಯನ್ನು ಅರ್ಧದಲ್ಲಿ ಬಿಟ್ಟು ಎದ್ದೆ. ವಾಪಸ್ ಬಂದು ಕೇಸಿನೊಳಗೆ ಇಣುಕಿ ನೋಡಬೇಕಿತ್ತು. ನೋಡಲಿಲ್ಲ."

"ಯಾರಿಗಾದರೂ ಆಗುತ್ತೆ ಅಂಕಲ್."

"ಆಗಬಾರದು ಅಮ್ಮ. ಹಾರಿಸುವವರು ನನ್ನನ್ನು ನಂಬಿ ಕಣ್ಣ ಪಕ್ಕ ಇಟ್ಕೋತಾರೆ."

ಸಮಿತಿಯ ಮುಂದೆ ಅವರು ಇದನ್ನೇ ಹೇಳಿ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟರು. ಲಿಮ್ ಅದನ್ನು ಅವರ ಕಡೆಗೇ ತಳ್ಳಿದ. "ತಪ್ಪು ಯಾವ ಪೆಟ್ಟಿಗೆಯಲ್ಲಿ, ಯಾವ ದಿನ ಆಯಿತು ಅಂತ ಹೇಳಬಲ್ಲವರು ನಮಗೆ ಬೇರೆ ಎಲ್ಲಿ ಸಿಗ್ತಾರೆ?"

ತಿಮ್ಮಯ್ಯ ಒಂದು ಷರತ್ತು ಹಾಕಿದರು: ಗುಂಡು ಕೂರಿಸುವ ಮೊದಲು ಪ್ರತಿಯೊಂದು ಕೇಸಿನೊಳಗೆ ಇನ್ನೊಬ್ಬರ ಕಣ್ಣು ಬೀಳಬೇಕು. ಶನಿವಾರಗಳಂದು ಆ ಕಣ್ಣು ತುಳಸಿಯದಾಯಿತು. ಅವಳ ಎದುರು ಅವರು ಫೋನನ್ನು ಹೊರಗಿನ ಕಪಾಟಿನಲ್ಲಿಟ್ಟು ಬರುತ್ತಿದ್ದರು.

ಮುಂದಿನ ಮಾರ್ಚಿನ ಸ್ಪರ್ಧೆಯಲ್ಲಿ ತುಳಸಿ ಪಿಸ್ತೂಲಿನಲ್ಲೂ ಕಾರ್ಬೈನಿನಲ್ಲೂ ಸೇರಿ ನೂರಿಪ್ಪತ್ತು ಗುಂಡು ಹಾರಿಸಿ ಎರಡನೆಯವಳಾದಳು. ತಿಮ್ಮಯ್ಯ ಮೈದಾನದಲ್ಲಿ ಬಗ್ಗಿ ಖಾಲಿ ಕೇಸು ಆರಿಸುತ್ತಿದ್ದರು.

"ಎರಡನೇ ಸ್ಥಾನ ಅಂಕಲ್."

"ಎಲ್ಲ ಸರಿಯಾಗಿ ಹಾರಿತಾ?"

"ಒಂದೂ ಬಿಡದೆ."

ಅವರು ತಲೆಯಾಡಿಸಿದರು. ತುಳಸಿ ಕಾರ್ಬೈನನ್ನು ರಝಾಲಿಗೆ ಒಪ್ಪಿಸಿ ಬಂದು, ಅವರ ಜೊತೆ ಬಗ್ಗಿ ಆರಿಸತೊಡಗಿದಳು.