ಹಿಮಸಾರಂಗ ನಿಲ್ಲುವವರೆಗಿನ ದೂರ

1961ರ ಮಾರ್ಚ್ 19, ಭಾನುವಾರ, ಬೆಳಿಗ್ಗೆ 8 ಗಂಟೆ 20 ನಿಮಿಷ. ಹೆಪ್ಪುಗಟ್ಟಿದ ನದಿಯ ಮೇಲೆ, ಹಿಮಸಾರಂಗ ಸಾಕುವ ಹೆಟಾಳ ಜಾರುಬಂಡಿ ಹೊರಟಿತು. ಅದರ ಹಿಂದೆ ನಾನು ಒಂದು ಸೈಕಲ್ ಚಕ್ರವನ್ನೂ ಸುತ್ತು ಎಣಿಸುವ ಯಂತ್ರವನ್ನೂ ಕಟ್ಟಿದ್ದೆ. ಅಂಚೆ ಹಂಚುವ ಈಸಾಕ್ಕಿ ಬರೆದದ್ದು ತಪ್ಪೆಂದು ತೋರಿಸುವುದು ನನ್ನ ಉದ್ದೇಶ.

ಹನ್ನೊಂದು ವರ್ಷಗಳಿಂದ ನಾನು ನಮ್ಮ ಕಡೆಯ ಪದಗಳನ್ನು ಚೀಟಿಗಳಲ್ಲಿ ಬರೆದು ಹೆಲ್ಸಿಂಕಿಯ ನಿಘಂಟು ಕಚೇರಿಗೆ ಕಳಿಸುತ್ತಿದ್ದೇನೆ. ‘ತಲುಪಿದೆ, ವಂದನೆಗಳು’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬಂದಿಲ್ಲ. ಈಸಾಕ್ಕಿ ಕಳಿಸಿದ್ದು ಒಂದೇ ಚೀಟಿ, ಬಂದದ್ದು ಎರಡು ಪುಟಗಳ ಮೆಚ್ಚುಗೆಯ ಪತ್ರ.

ಪದ ‘ಪೊರೊನ್‌ಕುಸೆಮಾ’. ಪೊರೊನ್ ಎಂದರೆ ಹಿಮಸಾರಂಗದ, ಕುಸೆಮಾ ಎಂದರೆ ಉಚ್ಚೆ ಹೊಯ್ದದ್ದು. ಬಂಡಿ ಎಳೆಯುವ ಪ್ರಾಣಿಗೆ ಓಡುತ್ತ ಉಚ್ಚೆ ಹೊಯ್ಯಲಾಗದು. ಅದು ನಿಲ್ಲದೆ ಓಡುವ ದೂರವೇ ಒಂದು ಪೊರೊನ್‌ಕುಸೆಮಾ, ಸುಮಾರು ಏಳೂವರೆ ಕಿಲೋಮೀಟರ್ ಎಂದು ಅವನು ಬರೆದಿದ್ದ. ನನಗೆ ಬಾಲ್ಯದಿಂದಲೂ ಗೊತ್ತಿದ್ದ ಪದ. ವಿಜ್ಞಾನದ ಮೇಷ್ಟ್ರಾದ ನಾನು ಇಂಥದನ್ನು ಬರೆಯುವುದೇ ಎಂದು ಬಿಟ್ಟಿದ್ದೆ.

ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಈಸಾಕ್ಕಿ ಆ ಪತ್ರವನ್ನು ಎಲ್ಲರಿಗೂ ಓದಿ ಹೇಳಿದ.

“ಮೇಷ್ಟ್ರಿಗೂ ಗೊತ್ತಿತ್ತು ಬಿಡ್ರಪ್ಪ,” ಎಂದ. “ಆದ್ರೆ ಅವರ ಹಿಮಸಾರಂಗ ಉಚ್ಚೆ ಹೊಯ್ಯಲ್ಲ, ಪಾಠ ಮಾಡುತ್ತೆ.”

ನಾನೂ ನಕ್ಕೆ. ಅಂದಿನಿಂದ ನಿದ್ದೆ ಸರಿಯಿರಲಿಲ್ಲ.

ಈಗ ಬಂಡಿಯಲ್ಲಿ, ಐದು ಕಿಲೋಮೀಟರಿಗೇ ಪ್ರಾಣಿ ನಿಲ್ಲಲಿ ಎಂದು ಹಾರೈಸುತ್ತ ಕುಳಿತಿದ್ದೆ. ನಿಲ್ಲಲಿಲ್ಲ. ಏಳು ದಾಟಿದ ಮೇಲೆ ಅದರ ಹೆಜ್ಜೆ ತಡವರಿಸಿತು, ಹಿಂಗಾಲುಗಳು ಬಿಗಿದವು. ಹೆಟಾ ಹಗ್ಗ ಎಳೆಯಲು ಕೈಯೆತ್ತಿದಳು.

“ಇನ್ನೂ ಸ್ವಲ್ಪ ಓಡ್ಸು,” ಎಂದೆ. “ಹತ್ತು ಮುಟ್ಟಲಿ.”

“ಯಾಕೆ?”

“ಅಳತೆಗೆ.”

ಅವಳು ತಿರುಗಿ ನನ್ನ ಮುಖ ನೋಡಿದಳು. “ಹೊತ್ತಿಗೆ ಸರಿಯಾಗಿ ನಿಲ್ಲಿಸದಿದ್ರೆ ಇದರ ಸೊಂಟ ಬಿದ್ದುಹೋಗುತ್ತೆ. ಅದು ನಿಂಗೂ ಗೊತ್ತು. ಈಸಾಕ್ಕಿ ಮೇಲಿನ ಹೊಟ್ಟೆಕಿಚ್ಚಿಗೆ ನನ್ನ ಪ್ರಾಣಿ ಸಾಯ್ಬೇಕಾ, ಮೇಷ್ಟ್ರೇ?”

ಅವಳು ಹಗ್ಗ ಎಳೆದಳು. ಹಿಮಸಾರಂಗ ಕಾಲಗಲಿಸಿ ನಿಂತು ಬಹಳ ಹೊತ್ತು ಹೊಯ್ದಿತು. ಹಿಮದಿಂದ ಆವಿ ಎದ್ದಿತು.

“ಬರ್ಕೋ,” ಎಂದಳು ಹೆಟಾ. “ಇರೋದನ್ನೇ ಬರಿ.”

ಕೈಗವಸು ಕಳಚಿ ಯಂತ್ರವನ್ನು ಎರಡು ಸಲ ಓದಿದೆ. ಸುತ್ತುಗಳು 3,540, ಒಂದು ಸುತ್ತಿಗೆ 2.1 ಮೀಟರ್. ಚೀಟಿಯಲ್ಲಿ ಮೊದಲು ಈಸಾಕ್ಕಿಯ ಹೆಸರು ಬರೆದೆ, ಅವನ ಅಂದಾಜು ಸರಿಯೆಂದು ಬರೆದೆ. ಅದರ ಕೆಳಗೆ: ಅಳೆದ ದೂರ 7,434 ಮೀಟರ್.