ಮರಳು ಗುಡಿಸುವವನ ರಜಾದಿನ

ದೊಡ್ಡ ಹೋಟೆಲಿನ ಮುಂದಿನ ಮರಳು ಗುಡಿಸುವುದು ಅವನ ಕೆಲಸ. ಮರಳನ್ನೂ ಗುಡಿಸುತ್ತಾರೆಯೇ ಎಂದು ನಗಬೇಡಿ. ಅತಿಥಿಗಳು ಏಳುವುದರೊಳಗೆ ಉದ್ದ ಹಿಡಿಯ ಹಲ್ಲುಕುಂಟೆ ಎಳೆದು, ನಿನ್ನೆಯ ಹೆಜ್ಜೆ, ಮಕ್ಕಳ ಕೋಟೆ, ಪ್ರೇಮಿಗಳು ಗೀಚಿದ ಹೆಸರು ಎಲ್ಲವನ್ನೂ ಅಳಿಸಿ, ಅಲ್ಲಿ ಯಾರೂ ಕಾಲಿಟ್ಟೇ ಇಲ್ಲ ಎನ್ನುವ ಹಾಗೆ ಮಾಡಬೇಕು. "ಒಂದು ಗುರುತು ಕಂಡರೂ ನಿನ್ನ ಕೆಲಸ ಆಗಿಲ್ಲ ಅಂತಾನೇ" ಎನ್ನುವುದು ಮೇಸ್ತ್ರಿಯ ಮಂತ್ರ. ಮೂರು ವರ್ಷದಲ್ಲಿ ಅದು ಅವನ ಕೈಕಾಲಿಗೇ ಇಳಿದುಬಿಟ್ಟಿತ್ತು.

ಇವತ್ತು ರಜೆ, ಆದರೆ ಮನಸ್ಸಿಗೆ ರಜೆ ಸಿಕ್ಕಿರಲಿಲ್ಲ. ಆಚೆ ದಡದಿಂದ ಎರಡು ದಿನಕ್ಕೆಂದು ಬಂದಿದ್ದ ಹೆಂಡತಿ ನಾಲ್ಕು ಗಂಟೆಯ ದೋಣಿಗೆ ಹಿಂತಿರುಗುವವಳಿದ್ದಳು. ಅಲ್ಲಿ ಅವಳದೊಂದು ಹೊಲಿಗೆ ಅಂಗಡಿ, ಸ್ವಂತ ಮಷೀನು, ಅವಳ ಕೈಯಲ್ಲೇ ಹೊಲಿಸಬೇಕೆನ್ನುವ ಹತ್ತಾರು ಹೆಂಗಸರು. ಇಲ್ಲಿ ಒಬ್ಬ ಮನೆಯೊಡತಿ ತನ್ನ ಹಿತ್ತಲಲ್ಲಿ ಬಾಡಿಗೆಗೆ ಕೋಣೆ ಕಟ್ಟಿಸುತ್ತಿದ್ದಳು. ಪಾಯ ಬಿದ್ದಿತ್ತು, ಗೋಡೆ ಏಳಬೇಕಿತ್ತು. "ಹೆಂಡ್ತಿ ಬರೋದಾದ್ರೆ ನಿಮಗೆ ಬೇಕಾದ ಹಾಗೇ ಕಟ್ಟಿಸ್ತೀನಪ್ಪ. ಸಂಜೆಯೊಳಗೆ ಹೇಳಿಬಿಡು, ಇಲ್ಲಾಂದ್ರೆ ಬೇರೆಯವರು ಕಾಯ್ತಾ ಇದ್ದಾರೆ" ಎಂದಿದ್ದಳು. ನಿನ್ನೆ ಹೆಂಡತಿಗೆ ಆ ಪಾಯ ತೋರಿಸಿಯೂ ಆಗಿತ್ತು. ಅವಳು ಸುತ್ತ ಒಂದು ಸಲ ನಡೆದು "ಹ್ಞೂಂ" ಎಂದಿದ್ದಳು, ಅಷ್ಟೆ.

ಆ ಹ್ಞೂಂಕಾರದ ಅರ್ಥವೇನೆಂದು ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಕೇಳಿದರೆ ಒಲ್ಲೆ ಎಂದುಬಿಟ್ಟರೆ? ಕಡಲು ಕಂಡರೆ ತಾನಾಗಿಯೇ ಮನಸ್ಸು ಕರಗೀತು ಎಂದುಕೊಂಡು, ಹೋಟೆಲುಗಳು ನುಂಗಿ ಊರಿಗೆ ಬಿಟ್ಟ ಮೂರೇ ಮೂರು ತುಂಡು ಕಡಲತೀರಗಳಿಗೆ ಅವಳನ್ನು ಬೆಳಗ್ಗಿನಿಂದ ಎಳೆದಾಡುತ್ತಿದ್ದ.

ಮೊದಲನೆಯದರಲ್ಲಿ ದಡದ ತುಂಬ ಪಾಚಿ. "ಛೆ, ಇದನ್ನ ನೋಡಿದ್ರೆ ಏನಂದ್ಕೋತೀಯೋ" ಎನ್ನುತ್ತ ಬಾಚಿ ಗುಡ್ಡೆ ಹಾಕತೊಡಗಿದ. ಎರಡನೆಯದರಲ್ಲಿ ಜನವೋ ಜನ. ಯಾರೋ ಅಮ್ಮ "ಏನಪ್ಪಾ, ಎರಡು ಕುರ್ಚಿ ಹಾಕು" ಎಂದಾಗ "ತಂದೆ ಮೇಡಂ" ಎಂದು ಓಡಿಯೇಬಿಟ್ಟ. ಅರ್ಧ ದಾರಿಯಲ್ಲಿ ತನ್ನ ಮೈಮೇಲೆ ಸಮವಸ್ತ್ರವಿಲ್ಲ, ಇಲ್ಲಿ ಕುರ್ಚಿಯೂ ಇಲ್ಲ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ನಿಮ್ದು ಹುಟ್ಟುಗುಣವೂ ಅಲ್ಲ, ಆ ಮೇಸ್ತ್ರಿ ಅಂಟಿಸಿದ್ದು" ಎಂದು ಹೆಂಡತಿ ನಕ್ಕಳು. ಮೂರನೆಯ ಕಡಲತೀರ ಮುಟ್ಟುವ ಹೊತ್ತಿಗೆ ನಗು ಇಂಗಿತ್ತು. "ರೀ, ಕಾಲಿಗೇನು ಚಕ್ರ ಕಟ್ಕೊಂಡಿದ್ದೀರಾ? ಒಂದು ಗಳಿಗೆ ಕೂತ್ಕೊಳ್ಳಿ, ನಿಮ್ಮ ಹತ್ರ ಮಾತಿದೆ."

ಮಾತಿದೆ ಎಂದದ್ದೇ ತಡ, "ಮೊದಲು ಚಹಾ ತರ್ತೀನಿ ಕಣೇ" ಎಂದು ಹೊರಟುಬಿಟ್ಟ. ಅಂಗಡಿಯಲ್ಲಿ ಜನರಿಲ್ಲದಿದ್ದರೂ ಬೇಕೆಂದೇ ತಡಮಾಡಿದ.

ಮರಳಿ ಬಂದಾಗ ಅವಳು ನೀರಂಚಿನಲ್ಲಿ ಕಾಲು ನೆನೆಸುತ್ತಿದ್ದಳು. ಮನೆಯಿಂದ ತಂದು ಸುತ್ತಿಟ್ಟಿದ್ದ ಚಾಪೆಯ ಪಕ್ಕ ಮರಳಿನ ಮೇಲೆ ಏನೇನೋ ಗೆರೆಗಳು. ಅವನು ಯೋಚಿಸಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದೇ, ಪಾದ ಅಡ್ಡ ಮಾಡಿ, ಆ ತುದಿಯಿಂದ ಈ ತುದಿಗೆ ಮೂರು ಸಲ ಎಳೆದು ಮರಳನ್ನು ಸಮ ಮಾಡಿ, ಅದರ ಮೇಲೆ ಚಾಪೆ ಬಿಡಿಸಿದ.

ಅವಳು ಓಡಿ ಬಂದಳು. "ಇಲ್ಲಿದ್ದಿದ್ದು ಎಲ್ಲಿ?"

"ಯಾರೋ ಏನೋ ಗೀಚಿದ್ರು. ಚೆನ್ನಾಗಿರ್ಲಿ ಅಂತ ಅಳಿಸ್ದೆ."

"ಯಾರೋ ಅಲ್ಲ, ನಾನು!" ಅವಳ ದನಿ ಒಡೆಯಿತು. "ಆ ಕೋಣೇಲಿ ಒಲೆ ಎಲ್ಲಿ, ಮಷೀನು ಎಲ್ಲಿ, ನೀವು ಕಾಲು ಚಾಚೋದು ಎಲ್ಲಿ, ಎಲ್ಲಾ ಬರೆದಿದ್ದೆ. ನಿಮಗೆ ಬಾಯಲ್ಲಿ ಹೇಳೋಕೆ ಹೋದ್ರೆ ಚಹಾಕ್ಕೆ ಓಡ್ತೀರಿ. ಬರೆದಿಟ್ರೆ ಒರೆಸಿಹಾಕ್ತೀರಿ."

ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬೆಳಗ್ಗಿನಿಂದ ತಾನು ಹುಡುಕುತ್ತಿದ್ದ ಉತ್ತರವನ್ನು ತನ್ನ ಕಾಲಲ್ಲೇ ಸವರಿಬಿಟ್ಟಿದ್ದ. "ಇನ್ನೊಂದ್ಸಲ ಬರಿಯೇ, ದಮ್ಮಯ್ಯ" ಎಂದ.

"ನಾನು ಬರೆಯಲ್ಲ. ನೀವೇ ಬರೀರಿ, ನೋಡೋಣ."

ದೂರದಲ್ಲಿ ದೋಣಿಯ ಮೊದಲ ಸೀಟಿ ಕೇಳಿಸಿತು. ಅವನು ಚಾಪೆ ಎಳೆದುಹಾಕಿ, ಮಂಡಿಯೂರಿ, ಅಲ್ಲೇ ಬಿದ್ದಿದ್ದ ಕಡ್ಡಿ ಹಿಡಿದ. ಮರಳಿನ ಮೇಲೆ ಗೆರೆ ಎಳೆದು ಎಷ್ಟು ಕಾಲವಾಗಿತ್ತೋ! ಒಲೆ ಬರೆದ. ಅದಕ್ಕಿಂತ ದೊಡ್ಡದಾಗಿ ಮಷೀನು ಬರೆದ. ಸುತ್ತ ನಾಲ್ಕು ಗೋಡೆ ಎಳೆದು, ಮೂಲೆಗಳು ಒಂದಕ್ಕೊಂದು ಕೂಡುವಂತೆ ಅಚ್ಚುಕಟ್ಟಾಗಿ ಮುಗಿಸಿ ತಲೆಯೆತ್ತಿದ.

ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಎಲ್ಲಾ ಸರಿ. ಬಾಗಿಲೇ ಇಲ್ವಲ್ಲ? ನಾನು ಒಳಗೆ ಬರೋದು ಹೇಗೆ?"

ಬಾಗಿಲು ಬರೆಯಲು ಹೋದವನು ಕೈ ನಿಲ್ಲಿಸಿದ. ಆ ಕೋಣೆಯ ಬಗ್ಗೆ ತಾನು ಇವಳನ್ನು ಒಂದು ಮಾತೂ ಕೇಳಿಲ್ಲವೆಂದು ಆಗ ಹೊಳೆದು ನಾಚಿಕೆಯಾಯಿತು. ಎದ್ದು ಓಡಬೇಕೆನಿಸಿತು, ಆದರೆ ಓಡಲಿಲ್ಲ.

"ನಿಂಗೆ ಎಲ್ಲಿ ಬೇಕು ಹೇಳು" ಎಂದ.

ಎರಡನೆಯ ಸೀಟಿ ಕೂಗಿತು. ಅವಳು ಅವನ ಎದುರು ಕುಕ್ಕರಗಾಲಲ್ಲಿ ಕೂತು, ಪೂರ್ವದ ಗೋಡೆಯ ಗೆರೆಯನ್ನು ಬೆರಳಿನಿಂದ ಕಡಿದಳು.

"ಇಲ್ಲಿ. ಸೂಜಿಗೆ ದಾರ ಪೋಣಿಸೋಕೆ ನಂಗೆ ಬೆಳಗಿನ ಬಿಸಿಲು ಬೇಕು."